ಎರಡು ತಂತಿಯ ಪ್ರಶ್ನೆ

ನಮ್ಮ ಮನೆಗೆ ವಿದ್ಯುದ್ದೀಪ ಬಂದದ್ದು 1990ರಲ್ಲಿ, ಮಳೆಗಾಲ ಕಳೆದು ಕಾಫಿ ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ. ಆಗ ನಾನು ಆರನೆಯ ತರಗತಿಯ ಹುಡುಗ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಕಡೆ, ರಸ್ತೆಯಿಂದ ಮುಕ್ಕಾಲು ಮೈಲಿ ಒಳಗೆ, ಕಣಿವೆಯ ಇಳಿಜಾರಿನಲ್ಲಿ ನಮ್ಮದು ಒಂಟಿ ಮನೆ. ಕಂಬಗಳಿಗೆ ಹೆಗಲು ಕೊಟ್ಟವರಲ್ಲಿ ನಮ್ಮ ತೋಟದಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೆ ಅಕ್ಷರ ಬಾರದು. ಆದರೆ ಯಾವ ಮರ ಯಾವ ಗಾಳಿಗೆ ಯಾವ ಕಡೆ ಉರುಳೀತೆಂಬುದನ್ನು ನಿಂತಲ್ಲೇ ಹೇಳಬಲ್ಲವರು. ಕೊನೆಯ ಕಂಬದಿಂದ ಮನೆಯ ಮಾಡಿಗೆ ತಂತಿ ಎಳೆಯುತ್ತಿದ್ದಾಗ ಅವರು ನನ್ನನ್ನು ಹತ್ತಿರ ಕರೆದು ಕೇಳಿದರು: “ಅಲ್ಲ ಮರಿ, ಕರೆಂಟು ಬರೋದಕ್ಕೆ ಒಂದು ತಂತಿ ಸಾಲದಾ? ಎರಡು ಯಾಕೆ?”

ನನಗೆ ಉತ್ತರ ತಿಳಿಯಲಿಲ್ಲ. ಅಪ್ಪನನ್ನು ಕೇಳಿದೆ, “ಅದು ಇರುವುದೇ ಹಾಗೆ” ಎಂದರು. ಸಂಜೆ ದೀಪ ಹೊತ್ತಿತು. ಎಲ್ಲರೂ ಕೈ ಮುಗಿದೆವು. ಪ್ರಶ್ನೆ ಅಲ್ಲಿಗೇ ಉಳಿಯಿತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವಿಜ್ಞಾನದಲ್ಲಿ ನನ್ನ ಓದು ಪದವಿಪೂರ್ವ ತರಗತಿಗೆ ಮುಗಿಯಿತು. ಆದರೂ ಈ ಪ್ರಶ್ನೆಯನ್ನು ಈಗ ಕೈಗೆತ್ತಿಕೊಳ್ಳಲು ಕಾರಣವಿದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಮಾತನ್ನೇ ಗಮನಿಸಬಹುದು. “ಕರೆಂಟು ಬಂತು”, “ಕರೆಂಟು ಹೋಯಿತು” ಎನ್ನುತ್ತೇವೆ. ನೆಂಟರು ಬಂದು ಹೋಗುವ ಹಾಗೆ ಅದೂ ಬರುತ್ತದೆ, ಹೋಗುತ್ತದೆ ಎಂಬುದು ನಮ್ಮ ಭಾವನೆ. ಮಲೆನಾಡಿನವರಿಗೆ ಈ ಭಾವನೆ ಮೂಡಿದ್ದು ಸಹಜವೇ. ನಮ್ಮಲ್ಲಿ ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ ಹಿತ್ತಲಿಗೆ ನೀರು ತರುತ್ತಿದ್ದರು. ಆ ನೀರಿಗೆ ಒಂದು ದಬ್ಬೆಯ ಸಾಲು ಸಾಕು. ಬಂದ ನೀರು ಹಂಡೆಗೆ ಬೀಳುತ್ತದೆ, ಹೆಚ್ಚಾದದ್ದು ತೋಟಕ್ಕೆ ಹರಿಯುತ್ತದೆ. ಅದನ್ನು ಒರತೆಗೆ ಮರಳಿಸುವ ಗೊಡವೆ ಯಾರಿಗೂ ಇಲ್ಲ. ಹಿರಿಯರ ಪ್ರಶ್ನೆ ಹುಟ್ಟಿದ್ದು ಈ ದಬ್ಬೆಯಿಂದಲೇ.

ವಿದ್ಯುತ್ತಿನ ರೀತಿ ಬೇರೆ. ಪಠ್ಯಪುಸ್ತಕದಲ್ಲಿ ಅದರ ದಾರಿಗೆ ವಿದ್ಯುನ್ಮಂಡಲ ಎಂಬ ಹೆಸರಿದೆ. ಮಂಡಲವೆಂದರೆ ವರ್ತುಲ, ತೊಡಗಿದಲ್ಲಿಗೇ ಬಂದು ಮುಗಿಯಬೇಕಾದದ್ದು. ಇಟಲಿಯ ವೋಲ್ಟಾ 1800ರಲ್ಲಿ ತಾಮ್ರ, ಸತುಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಿಟ್ಟು ಒಂದರ ಮೇಲೊಂದು ಪೇರಿಸಿ ಮೊದಲ ಬ್ಯಾಟರಿಯನ್ನು ಮಾಡಿದ. ಅದರ ಒಂದು ತುದಿಗೆ ಮಾತ್ರ ತಂತಿ ಕಟ್ಟಿದರೆ ಏನೂ ನಡೆಯದು. ತಂತಿ ಎರಡನೆಯ ತುದಿಗೆ ಮುಟ್ಟಿದ ಕ್ಷಣವೇ ಪ್ರವಾಹ ತೊಡಗುತ್ತದೆ. ಹೋಗಲು ಒಂದು ತಂತಿ, ಮರಳಲು ಇನ್ನೊಂದು. ಈಗ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಜೀಕುವಂಥದು. ಆದರೂ ದಾರಿ ಸುತ್ತಿ ಕೂಡಿರಬೇಕೆಂಬ ನಿಯಮಕ್ಕೆ ವಿನಾಯಿತಿಯಿಲ್ಲ. ಗೋಡೆಯ ಮೇಲಿನ ಸ್ವಿಚ್ಚು ಮಾಡುವುದಾದರೂ ಇಷ್ಟೇ: ಮಂಡಲವನ್ನು ಒಂದು ಕಡೆ ಕಡಿಯುವುದು, ಬೇಕಾದಾಗ ಕೂಡಿಸುವುದು.

ಈ ದಾರಿಯಲ್ಲಿ ಎಷ್ಟು ಪ್ರವಾಹ ಹರಿದೀತೆಂಬ ಲೆಕ್ಕವನ್ನು ಕೊಟ್ಟವನು ಜರ್ಮನಿಯ ಒಬ್ಬ ಉಪಾಧ್ಯಾಯ, ಜಾರ್ಜ್ ಓಮ್. ಕಲೋನ್ ಪಟ್ಟಣದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಆತ 1827ರಲ್ಲಿ ತನ್ನ ಪುಸ್ತಕವನ್ನು ಪ್ರಕಟಿಸಿದ. ಒತ್ತಡ ಹೆಚ್ಚಿದಷ್ಟು ಪ್ರವಾಹ ಹೆಚ್ಚು. ದಾರಿಯ ರೋಧ ಹೆಚ್ಚಿದಷ್ಟು ಪ್ರವಾಹ ಕಡಿಮೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಇಷ್ಟು ಸರಳವಾದ ಮಾತಿಗೆ ಸ್ವದೇಶದಲ್ಲಿ ಆದರ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನು ಕೊಟ್ಟು ಅವನನ್ನು ಗೌರವಿಸಿತು. ಪ್ರವಾಹ ಹರಿಯುವಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೌಲ್ ಅದೇ 1841ರಲ್ಲಿ ತೋರಿಸಿದ. ಪ್ರವಾಹ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು.

ಈ ಎರಡು ನಿಯಮಗಳು ಮೈಸೂರು ಸಂಸ್ಥಾನದ ಚರಿತ್ರೆಯೊಳಗೆ ಹೇಗೆ ಪ್ರವೇಶಿಸಿದವೆಂಬುದು ಸ್ವಾರಸ್ಯವಾದ ಕಥೆ.

ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಶಕ್ತಿ ಬೇಕಾಗಿತ್ತು. ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆ ತೀರುತ್ತ ಬಂದಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮಾರು ನಾನೂರು ಅಡಿ ಇಳಿದು ಸುಮ್ಮನೆ ಹರಿದುಹೋಗುತ್ತಿದ್ದಳು. ಎರಡಕ್ಕೂ ನಡುವೆ ತಂತಿಯ ದಾರಿ 92 ಮೈಲಿ. ಎಡಿಸನ್ ಮಹಾಶಯ 1882ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ವಿದ್ಯುದಾಗಾರದ ಪ್ರವಾಹ ಒಂದು ಮೈಲಿ ಆಚೆಗೆ ದಾಟಲು ತಿಣುಕುತ್ತಿತ್ತು. ಡಾರ್ಜಿಲಿಂಗಿನ ಬಳಿ ಸಿದ್ರಾಪೊಂಗಿನಲ್ಲಿ 1897ರಲ್ಲಿ ತೊಡಗಿದ ಜಲವಿದ್ಯುದಾಗಾರ ಆ ಊರಿನ ದೀಪಗಳಿಗಷ್ಟೇ ಸಾಲುವಂಥದು. 92 ಮೈಲಿಯ ಮಾತೆತ್ತಲು ಧೈರ್ಯ ಬೇಕು. ಎತ್ತಿದವನು ಸಂಸ್ಥಾನದ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್‌ನ ಅಧಿಕಾರಿ ಲಾಟ್ಬಿನಿಯರ್; ಒಪ್ಪಿ ನಡೆಸಿದವರು ದಿವಾನ್ ಶೇಷಾದ್ರಿ ಅಯ್ಯರ್.

ದೂರವನ್ನು ಗೆಲ್ಲುವ ಉಪಾಯ ಓಮ್, ಜೌಲರ ಲೆಕ್ಕದಲ್ಲೇ ಇತ್ತು. ಉದಾಹರಣೆಗೆ ಮೂರು ಸಾವಿರ ಕಿಲೋವಾಟ್ ಶಕ್ತಿಯನ್ನು ಕಳಿಸಬೇಕೆಂದು ಇಟ್ಟುಕೊಳ್ಳೋಣ. ಶಕ್ತಿಯೆಂದರೆ ಒತ್ತಡ ಗುಣಿಸು ಪ್ರವಾಹ. ನಮ್ಮ ಮನೆಯ 230 ವೋಲ್ಟ್ ಒತ್ತಡದಲ್ಲಿ ಕಳಿಸಿದರೆ ಹದಿಮೂರು ಸಾವಿರ ಆಂಪಿಯರ್ ಪ್ರವಾಹ ಹರಿಯಬೇಕು. ತಂತಿ ಕರಗಿ ನೀರಾದೀತು. ಅದೇ ಒತ್ತಡವನ್ನು 30 ಸಾವಿರ ವೋಲ್ಟಿಗೆ ಏರಿಸಿದರೆ ನೂರು ಆಂಪಿಯರ್ ಸಾಕು. ಪ್ರವಾಹ 130ರಲ್ಲೊಂದು ಪಾಲಾಯಿತು. ದಾರಿಯಲ್ಲಿ ಬಿಸಿಯಾಗಿ ಪೋಲಾಗುವುದು ಸುಮಾರು ಹದಿನೇಳು ಸಾವಿರದಲ್ಲೊಂದು ಪಾಲಾಯಿತು. ಶಿವನಸಮುದ್ರದಲ್ಲಿ ಮಾಡಿದ್ದು ಇದನ್ನೇ. ಹುಟ್ಟಿದ ವಿದ್ಯುತ್ತನ್ನು ಪರಿವರ್ತಕದಿಂದ 30 ಸಾವಿರ ವೋಲ್ಟಿನ ಮಟ್ಟಕ್ಕೆ ಏರಿಸಿ, ಕೋಲಾರದಲ್ಲಿ ಮತ್ತೆ ಇಳಿಸಿಕೊಂಡರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು, ನೀರಿನ ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪೆನಿಯವು. ಅವು ಹೊಳೆಯ ದಡ ಸೇರಿದ್ದು ಮಾತ್ರ ಆನೆಗಳ, ಎತ್ತಿನ ಗಾಡಿಗಳ ಬಲದಿಂದ.

1902ನೆಯ ಇಸವಿ ಜೂನ್ 30ರಂದು ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಅಷ್ಟು ದೂರದ ತಂತಿಮಾರ್ಗ ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಮಾರ್ಗಗಳಲ್ಲೊಂದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. 1908ರಲ್ಲಿ ಮೈಸೂರಿನ ಸರದಿ ಬಂತು. ಬೇಸಗೆಯಲ್ಲಿ ಹೊಳೆ ಸೊರಗಿದರೂ ವಿದ್ಯುತ್ತು ಸೊರಗಬಾರದೆಂಬುದು ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟ ಕಾರಣಗಳಲ್ಲಿ ಮುಖ್ಯವಾದದ್ದು. ಅಲ್ಲಿ ನಿಂತ ನೀರು ಮಂಡ್ಯದ ಗದ್ದೆಗೂ ಆಯಿತು, ಶಿವನಸಮುದ್ರದ ಚಕ್ರಕ್ಕೂ ಆಯಿತು.

ಇಲ್ಲಿ ನನ್ನ ಊರಿನ ಮಾತು ಬರುತ್ತದೆ. ಕನ್ನಂಬಾಡಿಯ ಹಿನ್ನೀರಿಗೆ ಬಂದು ಕೂಡುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ. ನಮ್ಮ ತೋಟದ ಹಳ್ಳದ ನೀರು ಹೇಮಾವತಿಗೆ ಸೇರುತ್ತದೆ. ಅಂದರೆ 1902ರ ಜೂನ್ ತಿಂಗಳಲ್ಲಿ ನಮ್ಮ ಗುಡ್ಡಗಳ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಶಿವನಸಮುದ್ರದಲ್ಲಿ ಇಳಿದು, ಕೋಲಾರದ ಗಣಿಯ ಯಂತ್ರಗಳನ್ನು ತಿರುಗಿಸಿತು; ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿಗೆ ಬೆಳಕಾಯಿತು. ಆ ಬೆಳಕು ಮರಳಿ ನಮ್ಮ ಮನೆಯ ಜಗಲಿಗೆ ಬರಲು ಹಿಡಿದದ್ದು ಎಂಬತ್ತೆಂಟು ವರ್ಷ.

ಇದನ್ನು ದೂರೆಂದು ಬರೆಯುತ್ತಿಲ್ಲ. ಇದರ ಕಾರಣವೂ ಲೆಕ್ಕದಲ್ಲೇ ಇದೆ. ಗಣಿಯಲ್ಲಿ ಸಾವಿರಾರು ಕುದುರೆಶಕ್ತಿಯನ್ನು ಒಂದೇ ಕಡೆ ಕೊಳ್ಳುವವರಿದ್ದರು. ಪಟ್ಟಣದಲ್ಲಿ ಒಂದು ಕಂಬಕ್ಕೆ ಹತ್ತು ಮನೆ. ಮಲೆನಾಡಿನಲ್ಲಿ ಒಂದು ಮನೆಗೆ ಹತ್ತು ಕಂಬ. ಆ ಹತ್ತು ಕಂಬಗಳ ಮೇಲೆ ಆಷಾಢದ ಗಾಳಿಗೆ ಉರುಳುವ ಮರಗಳು. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲಿ ತೊಡಗಿತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾಯಿತು. ಅರುವತ್ತರ ದಶಕದಲ್ಲಿ ಶರಾವತಿ ಯೋಜನೆ ಬಂತು. ವಿದ್ಯುತ್ತು ಹುಟ್ಟಿದ್ದೆಲ್ಲ ಮಲೆನಾಡಿನ ಮಳೆಯಿಂದಲೇ. ದೊಡ್ಡ ತಂತಿಗಳು ನಮ್ಮ ಕಾಡುಗಳ ನೆತ್ತಿಯ ಮೇಲೆಯೇ ಹಾದು ಬಯಲಿಗಿಳಿದವು. ಬಡವರ ಮನೆಗೆ 40 ವಾಟಿನ ಒಂದು ಬಲ್ಬು ಎಂಬ ಭಾಗ್ಯಜ್ಯೋತಿ ಯೋಜನೆ 1979ರ ಸುಮಾರಿಗೆ ತೊಡಗಿದ ಮೇಲೆ ಎಷ್ಟೋ ಗುಡಿಸಲುಗಳು ಬೆಳಕು ಕಂಡವು. ಆದರೂ ಊರು ಸೇರಿದ ತಂತಿಗೂ ಒಂಟಿ ಮನೆಗೂ ನಡುವಿನ ಮುಕ್ಕಾಲು ಮೈಲಿ ಹಾಗೇ ಉಳಿಯಿತು. ಸರ್ಕಾರದ ಪರಿಭಾಷೆಯಲ್ಲಿ 2004ರ ಮೇಲೂ ನೂರರಲ್ಲಿ ಹತ್ತು ಮನೆಗೆ ಸಂಪರ್ಕವಿದ್ದರೆ ಆ ಊರು ವಿದ್ಯುದೀಕರಣವಾದಂತೆಯೇ. ಮನೆಗಳು ಒತ್ತಾಗಿ ಕೂಡಿರುವ ಬಯಲುಸೀಮೆಯ ಹಳ್ಳಿಗೂ, ಕೂಗಿದರೆ ಕೇಳದಷ್ಟು ದೂರ ಚದುರಿದ ಕಳಸದ ಕಡೆಯ ಹಳ್ಳಿಗೂ ಒಂದೇ ಅಳತೆ.

ಬಂದ ಮೇಲಾದರೂ ಅದು ಎಂಥ ಬೆಳಕು! ನಮ್ಮ ಮನೆಯ 40 ವಾಟಿನ ಬಲ್ಬು ಸಂಜೆಯಾದರೆ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ಉದ್ದವಾದ ಸಣ್ಣ ತಂತಿಯ ರೋಧವನ್ನು ದಾಟುವಷ್ಟರಲ್ಲಿ 230 ವೋಲ್ಟು 150ಕ್ಕೆ ಇಳಿದಿರುತ್ತಿತ್ತು. ಒತ್ತಡ ಮೂರರಲ್ಲೊಂದು ಪಾಲು ಕುಗ್ಗಿದರೆ ಶಕ್ತಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಲ್ಬಿಗೆ ಸಿಗುತ್ತಿದ್ದದ್ದು ಹದಿನೇಳು ವಾಟಿನಷ್ಟು. ಬೆಳಕು ಸಾಲದೆಂದು ಎಲ್ಲರೂ ನೂರು ವಾಟಿನ ಬಲ್ಬು ಹಾಕಿದರು. ಆಗ ತಂತಿಯಲ್ಲಿ ಪ್ರವಾಹ ಹೆಚ್ಚಿ, ಒತ್ತಡ ಇನ್ನೂ ಇಳಿದು, ತುದಿಯ ಮನೆಗೆ ದೀಪವಿದೆಯೋ ಇಲ್ಲವೋ ಎಂದು ಕಣ್ಣು ಕಿರಿದುಮಾಡಿ ನೋಡಬೇಕಾಯಿತು. ಫೆಬ್ರವರಿಯಲ್ಲಿ ಹೂಮಳೆ ತಪ್ಪಿದರೆ ಯಾರಾದರೂ ಕಾಫಿಗೆ ನೀರು ಹಾರಿಸಲು ಮೋಟಾರು ಹಾಕುತ್ತಿದ್ದರು. ಆಗ ಅಮ್ಮ ಮಾತಿಲ್ಲದೆ ಲಾಟೀನು ಒರೆಸಿಡುತ್ತಿದ್ದಳು.

ತಂತಿಗಾಗಿ ಕಾಯದೆ ಹಳ್ಳವನ್ನೇ ನಂಬಿದವರೂ ನಮ್ಮಲ್ಲಿ ಉಂಟು. ಕಳಸ, ಶೃಂಗೇರಿ, ಮೂಡಿಗೆರೆಯ ಕಡೆ ಎಷ್ಟೋ ಮನೆಗಳ ಹಿಂದೆ ಅಂಗೈಯಗಲದ ಬಟ್ಟಲುಗಳ ಚಕ್ರವೊಂದು ಮಳೆಗಾಲವಿಡೀ ತಿರುಗುತ್ತದೆ. ಸೆಕೆಂಡಿಗೆ ಎರಡು ಲೀಟರು ನೀರು ಕೊಳವೆಯೊಳಗೆ ನೂರು ಮೀಟರು ಇಳಿದರೆ, ಯಂತ್ರದಲ್ಲಿ ಅರ್ಧ ನಷ್ಟವಾದರೂ ಒಂದು ಕಿಲೋವಾಟ್ ಸಿಗುತ್ತದೆ. ಮನೆಗೆ ಬೇಡವಾದ ವಿದ್ಯುತ್ತನ್ನು ಹಂಡೆಯ ನೀರು ಕಾಯಿಸಲು ತಿರುಗಿಸುವುದೂ ಉಂಟು; ಇಲ್ಲದಿದ್ದರೆ ಹೊರೆ ಕಡಿಮೆಯಾದ ಚಕ್ರ ಅಂಕೆಮೀರಿ ಓಡಿ ಬಲ್ಬುಗಳನ್ನು ಸುಡುತ್ತದೆ. ನೂರು ಮೀಟರೆಂದರೆ ಶಿವನಸಮುದ್ರದ ಇಳಿತಕ್ಕೆ ಹೆಚ್ಚು ಕಡಮೆ ಸಮ. ದಿವಾನರ ಕಾಲದ ಆ ದೊಡ್ಡ ಸಾಹಸವೇ ಇಲ್ಲಿ ಹಿತ್ತಲಿನ ಅಳತೆಗೆ ಇಳಿದಿದೆ. ಬೇಸಗೆಗೆ ಹಳ್ಳ ಬತ್ತುತ್ತದೆ ಎಂಬುದೊಂದೇ ಕೊರತೆ.

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ.

ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಗಳಿಗೆ ನಾವು ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಕೊಯ್ಲಿಗೆ ಹಿಂದೆ ಬಿದಿರಿನ ಏಣಿ ಇತ್ತು. ಅದು ಭಾರ, ಗೆದ್ದಲು ಹಿಡಿಯುತ್ತದೆ, ಒಳ್ಳೆಯ ಬಿದಿರು ಈಗ ಸಿಗುವುದೂ ಕಷ್ಟ. ಹೀಗಾಗಿ ಅಲ್ಯುಮಿನಿಯಂ ಏಣಿಗಳು ಬಂದವು. ಮೂವತ್ತು ಅಡಿಯ ಏಣಿಯನ್ನು ಇಬ್ಬರು ಎತ್ತಿ ನಡೆಯಬಹುದು. ನಮ್ಮ ತೋಟಕ್ಕೆ ಅಂಥ ಎರಡನ್ನು ಪೇಟೆಯಿಂದ ತಂದವನು ನಾನೇ. ತಂದ ದಿನ ಎಲ್ಲರೂ ಮುಟ್ಟಿ ನೋಡಿ ಸಂತೋಷಪಟ್ಟರು.

ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿಯಲ್ಲಿ, ನೆರೆಯ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಯುವಕನೊಬ್ಬ ಏಣಿಯನ್ನು ಮರದಿಂದ ಮರಕ್ಕೆ ನೆಟ್ಟಗೆ ಎತ್ತಿಕೊಂಡು ಹೋಗುವಾಗ, ಮೇಲೆ ಹಾದುಹೋಗಿದ್ದ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಅದರ ತುದಿ ತಗುಲಿತು. ನಾವು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕೊಡಗಿನಲ್ಲಿ, ನಮ್ಮ ಜಿಲ್ಲೆಯಲ್ಲಿ ಇಂಥ ಸಾವುಗಳು ಕೊಯ್ಲಿನ ಕಾಲದಲ್ಲಿ ಪತ್ರಿಕೆಯಲ್ಲಿ ನಾಲ್ಕು ಸಾಲಾಗಿ ಬರುತ್ತವೆ. ನಾನೂ ಓದಿ ಮಗುಚಿದ್ದೆ. ಶಿವನಸಮುದ್ರಕ್ಕೆ ಯಂತ್ರ ಹೊತ್ತ ಆನೆಯ ಕುಲದವೂ ಇಂದು ಜೋತುಬಿದ್ದ ತಂತಿಗೆ ಸಿಕ್ಕಿ ಸಾಯುತ್ತಿವೆ.

ಆ ಸಂಜೆ ನಮ್ಮ ಹಿರಿಯರು ಜಗಲಿಯಲ್ಲಿ ಕುಳಿತಿದ್ದರು. ಆಗ ಅವರಿಗೆ ಎಂಬತ್ತರ ಸಮೀಪ. “ಹುಡುಗ ಒಂದೇ ತಂತಿ ತಾನೆ ಮುಟ್ಟಿದ್ದು? ಹಕ್ಕಿ ಒಂದು ತಂತಿ ಮೇಲೆ ಕೂತರೆ ಏನೂ ಆಗಲ್ಲ. ಇವನಿಗೆ ಯಾಕಾಯ್ತು?” ಎಂದು ಕೇಳಿದರು.

ಈ ಸಲ ನನಗೆ ಉತ್ತರ ಗೊತ್ತಿತ್ತು, ಹೇಳಿದೆ. ಹಕ್ಕಿಯ ಎರಡು ಕಾಲೂ ಒಂದೇ ತಂತಿಯ ಮೇಲಿರುತ್ತವೆ. ಅದರ ಮೈಯ ಮೂಲಕ ಎಲ್ಲಿಗೂ ದಾರಿಯಿಲ್ಲ. ಮನುಷ್ಯ ನೆಲದ ಮೇಲೆ ನಿಂತವನು. ವಿದ್ಯುದಾಗಾರದಲ್ಲೂ ಪರಿವರ್ತಕದಲ್ಲೂ ಮಂಡಲದ ಒಂದು ಕಡೆಯನ್ನು ನೆಲಕ್ಕೆ ಕೂಡಿಸಿರುತ್ತಾರೆ. ಆದುದರಿಂದ ನೆಲವೆಲ್ಲ ಒಂದು ಎರಡನೆಯ ತಂತಿ. ಒಂದು ತಂತಿಯನ್ನು ಮುಟ್ಟಿ ನೆಲದ ಮೇಲೆ ನಿಂತವನು ಎರಡನ್ನೂ ಮುಟ್ಟಿದಂತೆಯೇ. ಪ್ರವಾಹ ಅವನ ಮೂಲಕವೇ ಮರಳುವ ದಾರಿ ಹಿಡಿಯುತ್ತದೆ. ಒಣ ಬಿದಿರು ಆ ದಾರಿಗೆ ಅಡ್ಡಿ ಮಾಡುತ್ತದೆ, ಅಲ್ಯುಮಿನಿಯಂ ಹೆದ್ದಾರಿಯಾಗುತ್ತದೆ. ಅಷ್ಟು ಒತ್ತಡದೆದುರು ಬಿದಿರನ್ನೂ, ಅದರಲ್ಲೂ ಹಸಿ ಬಿದಿರನ್ನು, ನಂಬುವಂತಿಲ್ಲ. ಆದರೂ ತಂತಿಯ ಕೆಳಗೆ ಲೋಹದ ಏಣಿಯೆತ್ತುವುದೆಂದರೆ ಸಾವಿಗೆ ಕೈಚಾಚಿದಂತೆ.

ಮನೆಯೊಳಗಿನ ಮಾತನ್ನೂ ಹೇಳಿದೆ. ಫ್ಯೂಸು ಇದೆಯೆಂದು ನಾವು ನೆಮ್ಮದಿಯಾಗಿರುತ್ತೇವೆ. ಐದು ಆಂಪಿಯರಿನ ಫ್ಯೂಸು ಕರಗಬೇಕಾದರೆ ಐದನ್ನು ಮೀರಿದ ಪ್ರವಾಹ ಬೇಕು. ಒದ್ದೆ ಮೈಯ ಮೂಲಕ ಅದರ ಮೂವತ್ತರಲ್ಲೊಂದು ಪಾಲು ಹರಿದರೂ ಪ್ರಾಣ ಹೋಗಬಹುದು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ನೆಲದಂತಿ. ಇಸ್ತ್ರಿಪೆಟ್ಟಿಗೆಯ ಮೈಗೆ ವಿದ್ಯುತ್ತು ಸೋರಿದರೆ ನಮ್ಮ ಮೈಗಿಂತ ಸುಲಭವಾದ ದಾರಿಯೊಂದನ್ನು ಅದು ತೆರೆದಿಡುತ್ತದೆ. ಅದಕ್ಕೆಂದೇ ಅಂಗಳದ ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿ ಕೊಳವೆ ಹುಗಿಯುವುದು. ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯಬೇಕು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಮಂಡಲವನ್ನು ಕಡಿಯುವ ಸಾಧನ ಈಗ ಪೇಟೆಯಲ್ಲಿ ಸಿಗುತ್ತದೆ. ಎರಡು ತಂತಿಗಳ ಲೆಕ್ಕವನ್ನು ಅದು ಸದಾ ತಾಳೆ ನೋಡುತ್ತಿರುತ್ತದೆ.

ಹಿರಿಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: “ಇದನ್ನ ಏಣಿ ತಂದ ದಿವಸವೇ ಹೇಳಬಹುದಿತ್ತಲ್ಲ ಮರಿ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನಮ್ಮ ನಾಡಿನಲ್ಲಿ ವಿದ್ಯುತ್ತಿನ ಚರಿತ್ರೆಯನ್ನು ಬರೆಯುವಾಗ ತಂತಿ ಯಾವ ವರ್ಷ ಎಲ್ಲಿಗೆ ಮುಟ್ಟಿತೆಂದು ಬರೆಯುತ್ತೇವೆ. ತಿಳಿವಳಿಕೆ ಯಾವ ವರ್ಷ ಎಲ್ಲಿಗೆ ಮುಟ್ಟಿತೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ತಂತಿ ನಮ್ಮ ಮನೆಗೆ ತಡವಾಗಿ ಬಂತು; ಅದರ ವಿಷಯವಾದ ಎರಡು ಮಾತು ಅದಕ್ಕಿಂತಲೂ ತಡವಾಗಿ ಬಂತು. ತಂತಿಯ ಸಲುವಾಗಿ ಕಾಡು, ಗುಡ್ಡ, ಖರ್ಚು ಎಂಬ ನೆಪಗಳಿದ್ದವು. ಎರಡು ಮಾತಿಗೆ ಯಾವ ನೆಪವೂ ಇರಲಿಲ್ಲ.

ಹಿರಿಯರು ಈಗಿಲ್ಲ. ನಮ್ಮ ತೋಟದಲ್ಲಿ ದೊಡ್ಡ ತಂತಿಯ ಎರಡೂ ಮಗ್ಗುಲಿನ ಸಾಲುಮರಗಳ ಮೆಣಸನ್ನು, ಮೊದಲೇ ಹೇಳಿ ಆ ಮಾರ್ಗದ ವಿದ್ಯುತ್ತನ್ನು ನಿಲ್ಲಿಸಿದ ದಿನ ಮಾತ್ರ ಕೊಯ್ಯುತ್ತೇವೆ. ಆ ದಿನ ಗೊತ್ತಾಗದಿದ್ದರೆ ಮೆಣಸನ್ನು ಹಕ್ಕಿಗೆ ಬಿಡುತ್ತೇವೆ. ಕೊಯ್ಲು ತೊಡಗುವ ಹಿಂದಿನ ಸಂಜೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಒಂದು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ತುಂಡು ತಂತಿ ಇಟ್ಟುಕೊಂಡು ನಾನು ಪಾಠ ಹೇಳುತ್ತೇನೆ. ಮೊದಲು ಒಂದು ತಂತಿಯನ್ನು ಮಾತ್ರ ಮುಟ್ಟಿಸುತ್ತೇನೆ, ಬಲ್ಬು ಹೊತ್ತುವುದಿಲ್ಲ. “ಎರಡು ಯಾಕೆ?” ಎಂದು ಕೇಳುತ್ತೇನೆ. ಹೋದ ವರ್ಷ ಉತ್ತರ ಹೇಳಿದವಳು ಹಿರಿಯರ ಮೊಮ್ಮಗಳು. ಆರನೆಯ ತರಗತಿಯ ಹುಡುಗಿ.